ಬಿಸಿನೀರಿನ ಬ್ಯಾಗ್: ಕೊಳ್ಳುವುದರಿಂದ ಎಸೆಯುವವರೆಗೆ

ಮೆಡಿಕಲ್ ಸ್ಟೋರಿನಲ್ಲಿ ಸಿಗುವ ರಬ್ಬರಿನ ಹಾಟ್ ವಾಟರ್ ಬ್ಯಾಗ್ ಬಹಳಷ್ಟು ಮನೆಗಳಲ್ಲಿ ಬೀರುವಿನ ಮೇಲೋ ಅಟ್ಟದ ಮೂಲೆಯಲ್ಲೋ ಇದ್ದೇ ಇರುತ್ತದೆ. ಮುಟ್ಟಿನ ಹೊಟ್ಟೆನೋವು, ಹಿಡಿದುಕೊಂಡ ಸೊಂಟ, ಅಜ್ಜಿಯ ಮಂಡಿನೋವು, ಮಡಿಕೇರಿ ಕಡೆಯ ಡಿಸೆಂಬರ್ ಚಳಿ, ಎಲ್ಲಕ್ಕೂ ಅದನ್ನೇ ಹುಡುಕುತ್ತೇವೆ. ಮಾತ್ರೆ ನುಂಗದೆ ನೋವು ಇಳಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಕಡಿಮೆ. ಆದ್ದರಿಂದ ಇದನ್ನು ಬಳಸಬೇಡಿ ಎನ್ನುವುದಕ್ಕಲ್ಲ, ಸರಿಯಾಗಿ ಬಳಸಿ ಎನ್ನುವುದಕ್ಕೆ ಈ ಬರಹ.

ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಶಾಖ ಬೇಕು ಎಂದು ಹೆಚ್ಚು ಕೇಳುವವರು ವಯಸ್ಸಾದವರು, ಕಾಲು ಜೋಮು ಹಿಡಿಯುವ ಸಕ್ಕರೆ ಕಾಯಿಲೆಯವರು, ಬಾಣಂತಿಯರು. ಸುಡುತ್ತಿದೆ ಎಂದು ಬೇಗ ಗೊತ್ತಾಗದಿರುವುದೂ ಇವರಿಗೇ. ಮುಂದೆ ಹೇಳುವ ಹೆಚ್ಚಿನ ಎಚ್ಚರಿಕೆಗಳು ಈ ಒಂದು ಕಾರಣದಿಂದ ಹುಟ್ಟಿದವು.

ಸುಡುವುದು ಹೇಗೆ

ಬ್ಯಾಗಿನಿಂದ ಎರಡು ರೀತಿ ಸುಡುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತು: ಬ್ಯಾಗ್ ಒಡೆದು, ಮುಚ್ಚಳ ಸೋರಿ, ಅಥವಾ ತುಂಬುವಾಗ ಕೈಜಾರಿ ಕುದಿನೀರು ಮೈಮೇಲೆ ಬೀಳುವುದು. ಎರಡನೆಯದು ನಿಧಾನದ ಸುಡುವಿಕೆ, ಇದರ ಬಗ್ಗೆ ಮನೆಗಳಲ್ಲಿ ಮಾತೇ ಇಲ್ಲ. ಮುಟ್ಟಿದರೆ 'ಹಿತವಾಗಿದೆ' ಅನ್ನಿಸುವ ಬಿಸಿಯೂ ಒಂದೇ ಜಾಗದಲ್ಲಿ ಬಹಳ ಹೊತ್ತು ಇದ್ದರೆ ಚರ್ಮವನ್ನು ಆಳದವರೆಗೆ ಬೇಯಿಸುತ್ತದೆ.

1947ರಲ್ಲಿ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಅಮೆರಿಕದ ಸಂಶೋಧಕರು ಯಾವ ಬಿಸಿ ಎಷ್ಟು ಹೊತ್ತಿನಲ್ಲಿ ಚರ್ಮ ಸುಡುತ್ತದೆ ಎಂದು ಅಳೆದರು. ಸುಟ್ಟಗಾಯಗಳ ಚರ್ಚೆಯಲ್ಲಿ ಇಂದಿಗೂ ಅವರ ಅಂಕಿಗಳೇ ಬರುತ್ತವೆ. ಚರ್ಮಕ್ಕೆ ನೇರವಾಗಿ ತಾಗಿದ ಬಿಸಿ 60 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು 5 ಸೆಕೆಂಡು ಸಾಕು. 50 ಡಿಗ್ರಿಗೆ ಸುಮಾರು 5 ನಿಮಿಷ. 44 ಡಿಗ್ರಿಗೆ ಸುಮಾರು 6 ಗಂಟೆ. ಈ ಕೊನೆಯ ಅಂಕಿಯನ್ನು ಗಮನಿಸಿ. 44 ಡಿಗ್ರಿ ಎಂದರೆ ನಾವು ಆರಾಮಾಗಿ ಮೈಮೇಲೆ ಸುರಿದುಕೊಳ್ಳುವ ಸ್ನಾನದ ನೀರಿಗಿಂತ ಸ್ವಲ್ಪವೇ ಹೆಚ್ಚು, 6 ಗಂಟೆ ಎಂದರೆ ಒಂದು ರಾತ್ರಿಯ ನಿದ್ದೆ. ಬ್ಯಾಗನ್ನು ಅಪ್ಪಿಕೊಂಡು ಮಲಗಿದವರ ಹೊಟ್ಟೆಯ ಮೇಲೆ, ಮೀನಖಂಡದ ಮೇಲೆ ಬೆಳಿಗ್ಗೆ ಬೊಬ್ಬೆ ಏಳುವುದು ಹೀಗೆ.

ಇದರ ಜೊತೆಗೆ ಒತ್ತಡ. ಚರ್ಮಕ್ಕೆ ಬಿದ್ದ ಬಿಸಿಯನ್ನು ಹರಿಯುವ ರಕ್ತ ಹೊತ್ತುಕೊಂಡು ಹೋಗಿ ಮೈಯೆಲ್ಲ ಹಂಚುತ್ತದೆ. ಬ್ಯಾಗಿನ ಮೇಲೆ ಮಲಗಿದರೆ ಅಥವಾ ದುಪಟ್ಟಾದಿಂದ ಬಿಗಿದು ಕಟ್ಟಿದರೆ ಆ ಜಾಗದಲ್ಲಿ ರಕ್ತದ ಓಡಾಟ ಕುಗ್ಗಿ ಬಿಸಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಬ್ಯಾಗ್ ಮೈಮೇಲೆ ಇರಬೇಕು, ಮೈ ಬ್ಯಾಗಿನ ಮೇಲೆ ಇರಬಾರದು.

ಕೊಳ್ಳುವಾಗ ಏನು ನೋಡಬೇಕು

ಅಂಗಡಿಯಲ್ಲಿ ಪೆಟ್ಟಿಗೆ ನೋಡಿ ಹಣ ಕೊಡಬೇಡಿ, ಬ್ಯಾಗನ್ನು ಹೊರಗೆ ತೆಗೆಸಿ. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಅಂಚಿನ ಬೆಸುಗೆ ಮತ್ತು ಕತ್ತಿನ ಬುಡದಲ್ಲಿ ಬಿಳಿ ಗೆರೆಯೋ ಸಣ್ಣ ಬಿರುಕೋ ಕಂಡರೆ ಬೇಡ. ವರ್ಷಗಟ್ಟಲೆ ಶೋಕೇಸಿನ ಗಾಜಿನ ಹಿಂದೆ ಬಿಸಿಲು ಕಾದ ಬ್ಯಾಗ್ ಒಂದು ದಿನವೂ ಬಳಸದೆಯೇ ಮುದಿಯಾಗಿರುತ್ತದೆ. ಬಾಯಿ ಅಗಲವಾಗಿ, ಆಲಿಕೆಯ ಹಾಗೆ ಹರಡಿಕೊಂಡಿದ್ದರೆ ತುಂಬುವುದು ಸುಲಭ. ಮುಚ್ಚಳ ತಿರುಗಿಸಿ ನೋಡಿ: ಸರಾಗವಾಗಿ ಕೂತು ಕೊನೆಗೆ ಬಿಗಿಯಾಗಬೇಕು, ಅದರೊಳಗೆ ವಾಷರ್ ಇರಬೇಕು.

ಬ್ಯಾಗಿನ ಮೇಲೆ ಹೂವಿನಂಥ ಒಂದು ಚಿಹ್ನೆ ಇದ್ದರೆ ಅದು ಅಲಂಕಾರವಲ್ಲ, ತಯಾರಾದ ದಿನಾಂಕ. ನಡುವಿನ ಅಂಕಿ ವರ್ಷ, 12 ದಳಗಳು ತಿಂಗಳು, ದಳದೊಳಗಿನ ಚುಕ್ಕಿಗಳು ವಾರ. ಬ್ರಿಟನ್ನಿನ ಬಿಎಸ್ 1970 ಮಾನದಂಡದ ಬ್ಯಾಗುಗಳಲ್ಲಿ ಇದು ಇರುತ್ತದೆ; ಅಲ್ಲಿಂದ ಮಕ್ಕಳು ತಂದುಕೊಟ್ಟಿದ್ದರೆ ಒಮ್ಮೆ ತಿರುಗಿಸಿ ನೋಡಿ. ಎರಡು ವರ್ಷಕ್ಕೊಮ್ಮೆ ಬ್ಯಾಗ್ ಬದಲಿಸಬೇಕು ಎಂಬುದು ಸಾಮಾನ್ಯ ಸಲಹೆ. ದಿನಾಂಕವೇ ಇಲ್ಲದ ಬ್ಯಾಗಾದರೆ ಕೊಂಡ ತಿಂಗಳು, ವರ್ಷವನ್ನು ಕವರಿನ ಒಳಬದಿಯಲ್ಲಿ ಪೆನ್ನಿನಿಂದ ಬರೆದಿಡಿ.

ಬಟ್ಟೆಯ ಅಥವಾ ಉಣ್ಣೆಯ ಕವರ್ ಇರುವುದನ್ನೇ ಕೊಳ್ಳಿ, ಇಲ್ಲವಾದರೆ ಹಳೆಯ ಟರ್ಕಿ ಟವೆಲಿನಿಂದ ಒಂದು ಚೀಲ ಹೊಲಿದುಕೊಳ್ಳಿ. ಬರೀ ರಬ್ಬರ್ ಮೈಗೆ ತಾಗಬಾರದು.

ಬ್ಯಾಗ್ ಇಲ್ಲದಾಗ ಬಿಸ್ಲೇರಿಯಂಥ ನೀರಿನ ಬಾಟಲಿಗೆ ಬಿಸಿನೀರು ತುಂಬಿ ಉರುಳಿಸುವ ಅಭ್ಯಾಸ ಹಲವರಿಗಿದೆ. ಆ ಪ್ಲಾಸ್ಟಿಕ್ ಸುಮಾರು 70 ಡಿಗ್ರಿಯಿಂದಾಚೆ ಮೆತ್ತಗಾಗಿ ಮುದುಡುತ್ತದೆ, ಮುಚ್ಚಳದ ಹಿಡಿತ ಸಡಿಲವಾಗುತ್ತದೆ. ಗಾಜಿನ ಸೀಸೆಯಂತೂ ಒಂದೇ ಏಟಿಗೆ ಸೀಳಬಹುದು. ಎರಡೂ ಬೇಡ. ಅಂಥ ಹೊತ್ತಿನಲ್ಲಿ ಟವೆಲನ್ನು ಬಿಸಿನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಕೈಗೆ ತಾಗಿಸಿ ನೋಡಿ ಹಾಕಿದರೆ ಸಾಕು. ಬಾಣಲೆಯಲ್ಲಿ ಹುರಿದ ಉಪ್ಪಿನ ಗಂಟಿನಲ್ಲಿ ಶಾಖ ಕೊಡುವವರು ನೆನಪಿಡಿ: ಉಪ್ಪು ಕುದಿನೀರಿಗಿಂತಲೂ ಹೆಚ್ಚು ಕಾಯಬಲ್ಲದು. ಮೊದಲು ನಿಮ್ಮ ಮುಂಗೈಯ ಒಳಬದಿಗೆ ಒತ್ತಿ ನೋಡದೆ ಇನ್ನೊಬ್ಬರ ಮೈಗೆ ತಾಗಿಸಬೇಡಿ.

ನೀರು ಎಷ್ಟು ಬಿಸಿ ಇರಬೇಕು

ಕುದಿಯುವ ನೀರನ್ನು ನೇರವಾಗಿ ಬ್ಯಾಗಿಗೆ ಸುರಿಯಬಾರದು. ಸುರಿಯುವಾಗಿನ ಆವಿ ಕೈ ಸುಡುತ್ತದೆ, ರಬ್ಬರ್ ಬೇಗ ಹಾಳಾಗುತ್ತದೆ, ಬ್ಯಾಗ್ ಒಡೆದರಂತೂ ಗಾಯ ದೊಡ್ಡದಾಗುತ್ತದೆ.

ಮನೆಯಲ್ಲಿ ಥರ್ಮಾಮೀಟರ್ ಬೇಕಿಲ್ಲ, ಒಂದೇ ಲೋಟದಿಂದ ಅಳೆದರೆ ಲೆಕ್ಕ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮೂರು ಲೋಟ ಕುದಿನೀರಿಗೆ 25 ಡಿಗ್ರಿ ಆಸುಪಾಸಿನ ಮೂರು ಲೋಟ ತಣ್ಣೀರು ಸೇರಿಸಿದರೆ ಸುಮಾರು 60 ಡಿಗ್ರಿಯ ನೀರಾಗುತ್ತದೆ. ಅದು ಜಗ್ಗಿಗೆ, ಬ್ಯಾಗಿಗೆ ಹೋಗುವಷ್ಟರಲ್ಲಿ ಇನ್ನಷ್ಟು ಇಳಿಯುತ್ತದೆ. ಆರೋಗ್ಯವಂತ ದೊಡ್ಡವರಿಗೆ, ಕವರ್ ಹಾಕಿದ ಬ್ಯಾಗಿಗೆ, ಇದೇ ಗರಿಷ್ಠ. ವಯಸ್ಸಾದವರಿಗೆ ಎರಡು ಲೋಟ ಕುದಿನೀರಿಗೆ ಮೂರು ಲೋಟ ತಣ್ಣೀರು ಹಾಕಿ, 54 ಡಿಗ್ರಿಯ ಹತ್ತಿರ ಬರುತ್ತದೆ. ಮಂಗಳೂರು, ಕಾರವಾರದಂಥ ಕಡೆ ನೀರು 100 ಡಿಗ್ರಿಗೆ ಕುದಿಯುತ್ತದೆ, ನಲ್ಲಿಯ ನೀರೂ ಬೆಚ್ಚಗೇ ಇರುತ್ತದೆ. ಅಲ್ಲಿ ತಣ್ಣೀರು ಸ್ವಲ್ಪ ಹೆಚ್ಚೇ ಇರಲಿ.

'60 ಡಿಗ್ರಿಗೆ 5 ಸೆಕೆಂಡು ಸಾಕು ಎಂದಿರಲ್ಲ?' ಎಂದು ಕೇಳಬಹುದು. ಹೌದು, ಕವರ್ ಮತ್ತು ಟವೆಲ್ ಇರಬೇಕು ಎಂದು ಒತ್ತಿ ಹೇಳುವುದು ಅದಕ್ಕೇ. ಒಳಗಿನ ನೀರಿನ ಬಿಸಿ ಬಟ್ಟೆಯ ಪದರಗಳನ್ನು ದಾಟಿ ಚರ್ಮಕ್ಕೆ ಬರುವಾಗ ಹಿತವಾಗಿ ಮಾತ್ರ ಇರಬೇಕು.

ಗೀಸರ್, ಸೋಲಾರ್ ನೀರನ್ನು ನೇರವಾಗಿ ಹಿಡಿಯದಿರುವುದು ಒಳ್ಳೆಯದು. ಅದರ ಬಿಸಿ ದಿನಕ್ಕೊಂದು ಥರ ಇರುತ್ತದೆ, ಬೇಸಿಗೆಯ ಮಧ್ಯಾಹ್ನದ ಸೋಲಾರ್ ನೀರು ನಾವಂದುಕೊಂಡದ್ದಕ್ಕಿಂತ ಬಹಳ ಬಿಸಿ. ಟ್ಯಾಂಕಿನಲ್ಲಿ ಕಾದು ಕೂತ ನೀರಿನ ಲವಣಗಳು ರಬ್ಬರಿಗೂ ಒಳ್ಳೆಯದಲ್ಲ. ಕುಡಿಯುವ ನೀರನ್ನೇ ಕಾಯಿಸಿ.

ತುಂಬುವ ಕ್ರಮ

1. ಮೊದಲು ಖಾಲಿ ಬ್ಯಾಗನ್ನು ನೋಡಿ. ಮಡಿಕೆ ಬಿದ್ದ ಜಾಗ, ಅಂಚು, ಕತ್ತು, ಈ ಮೂರು ಕಡೆ ಬೆರಳಿನಿಂದ ಎಳೆದು ಬಿರುಕು ಹುಡುಕಿ. ರಬ್ಬರ್ ಅಂಟಂಟಾಗಿದ್ದರೆ ಅಥವಾ ಒಣಗಿ ಪುಡಿ ಉದುರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಇನ್ನೊಂದು ಸಲ ನೋಡೋಣ ಎಂದು ಇಟ್ಟುಕೊಳ್ಳಬೇಡಿ.

2. ಒಂದು ಲೋಟ ತಣ್ಣೀರು ಹಾಕಿ, ಮುಚ್ಚಳ ತಿರುಗಿಸಿ, ತಲೆಕೆಳಗೆ ಹಿಡಿದು ಮೆಲ್ಲಗೆ ಒತ್ತಿ. ಹನಿ ಕಂಡರೆ ವಾಷರ್ ಹೋಗಿದೆ ಎಂದರ್ಥ. ಬೇರೆ ಬ್ಯಾಗಿನ ಮುಚ್ಚಳ ತಂದು ಸೇರಿಸುವುದು ಬೇಡ. ಸುತ್ತು ಕೂತಂತೆ ಕಂಡರೂ ಬಿಸಿಗೆ ಬಿಟ್ಟುಕೊಳ್ಳಬಹುದು.

3. ನೀರನ್ನು ಜಗ್ಗಿನಲ್ಲಿ ಬೆರೆಸಿ, ಬ್ಯಾಗಿನೊಳಗೆ ಅಲ್ಲ. ತಣ್ಣೀರು ಮೊದಲು, ಕುದಿನೀರು ಆಮೇಲೆ. ನಮ್ಮ ಅಡುಗೆಮನೆಯಲ್ಲಿ ಅವಘಡ ಆಗುವ ಜಾಗ ಇದು: ಅಗಲ ಬಾಯಿಯ ಪಾತ್ರೆಯನ್ನು ಇಕ್ಕಳದಲ್ಲಿ ಎತ್ತಿ, ಇನ್ನೊಂದು ಕೈಯಲ್ಲಿ ಮೆತ್ತನೆಯ ಬ್ಯಾಗಿನ ಕತ್ತು ಹಿಡಿದು, ಒಲೆಯ ಮುಂದೆ ನಿಂತೇ ಸುರಿಯುತ್ತೇವೆ. ಪಾತ್ರೆಯ ಅಂಚಿನಿಂದ ನೀರು ಹರಡಿಕೊಂಡು ಬಂದು ಹಿಡಿದ ಕೈಗೇ ಬೀಳುತ್ತದೆ. ಮೂತಿ ಇರುವ ಜಗ್ ಅಥವಾ ಕೆಟಲ್ ಬಳಸಿ.

4. ಬ್ಯಾಗನ್ನು ಸಿಂಕಿನಲ್ಲಿ ನಿಲ್ಲಿಸಿ ಅಥವಾ ಕಟ್ಟೆಯ ಮೇಲೆ ಮಲಗಿಸಿ ಕತ್ತನ್ನು ಮಾತ್ರ ಮೇಲಕ್ಕೆ ಎತ್ತಿ ಹಿಡಿಯಿರಿ. ಕೈಗೆ ದಪ್ಪ ಬಟ್ಟೆ ಇರಲಿ. ಮಕ್ಕಳನ್ನು ಅಡುಗೆಮನೆಯಿಂದ ಹೊರಗೆ ಕಳಿಸಿ. ಮೆಲ್ಲಗೆ ಸುರಿಯಿರಿ, ಬೇಗ ಸುರಿದರೆ ಒಳಗಿನ ಗಾಳಿ ನೀರನ್ನು ಹೊರಕ್ಕೆ ಚಿಮ್ಮಿಸುತ್ತದೆ.

5. ಮೂರರಲ್ಲಿ ಎರಡು ಭಾಗಕ್ಕೆ ನಿಲ್ಲಿಸಿ. 2 ಲೀಟರಿನ ಬ್ಯಾಗಿಗೆ ಸುಮಾರು 1.3 ಲೀಟರ್. ಮಂಡಿಗೆ, ಕುತ್ತಿಗೆಗೆ ಹಾಕುವುದಾದರೆ ಅರ್ಧ ಸಾಕು. ಕಡಿಮೆ ನೀರಿದ್ದರೆ ಬ್ಯಾಗ್ ಮೈಯ ಆಕಾರಕ್ಕೆ ಚೆನ್ನಾಗಿ ಕೂರುತ್ತದೆ.

6. ಗಾಳಿ ತೆಗೆಯಿರಿ. ಬ್ಯಾಗಿನ ಬದಿಗಳನ್ನು ಮೆಲ್ಲಗೆ ಒತ್ತುತ್ತ ನೀರು ಕತ್ತಿನ ಬುಡಕ್ಕೆ ಬರುವವರೆಗೆ ಏರಿಸಿ, ಆಗ ಮುಚ್ಚಳ ಹಾಕಿ. ಗಾಳಿ ಉಳಿದರೆ ಬ್ಯಾಗ್ ಬಲೂನಿನಂತೆ ಉಬ್ಬಿಕೊಂಡು ಮೈಗೆ ಸರಿಯಾಗಿ ಕೂರುವುದಿಲ್ಲ, ಭಾರ ಬಿದ್ದಾಗ ಬೆಸುಗೆಯ ಮೇಲೆ ಒತ್ತಡ ಹೆಚ್ಚುತ್ತದೆ.

7. ಒರೆಸಿ, ಸಿಂಕಿನ ಮೇಲೆ ತಲೆಕೆಳಗೆ ಮಾಡಿ ಇನ್ನೊಮ್ಮೆ ನೋಡಿ, ಕವರ್ ಹಾಕಿ.

ಬ್ಯಾಗನ್ನು ಮೈಕ್ರೋವೇವಿನಲ್ಲಿ ಕಾಯಿಸಬಾರದು. ಆರಿದ ಮೇಲೆ ಮತ್ತೆ ಬೇಕೆಂದರೆ ನೀರು ಚೆಲ್ಲಿ ಹೊಸದಾಗಿ ತುಂಬಿ. ಒಳಗಿನ ನೀರಿನ ಮೇಲೇ ಕುದಿನೀರು ಹಾಕಿದರೆ ಎಷ್ಟು ಬಿಸಿಯಾಯಿತು ಎಂಬ ಲೆಕ್ಕ ತಪ್ಪುತ್ತದೆ.

ಶಾಖ ಕೊಡುವಾಗ

ಕವರ್ ಹಾಕಿದ ಬ್ಯಾಗನ್ನು ನಿಮ್ಮ ಮುಂಗೈಯ ಒಳಬದಿಗೆ ಒಂದು ನಿಮಿಷ ಇಟ್ಟು ನೋಡಿ. ಅಂಗೈ ನಂಬಬೇಡಿ, ದಿನವೂ ಬಿಸಿ ಪಾತ್ರೆ ಹಿಡಿದ ಅಂಗೈ ದಪ್ಪಗಟ್ಟಿರುತ್ತದೆ. ನಿಮಿಷ ಕಳೆಯುವ ಮೊದಲೇ ಚುರುಗುಟ್ಟಿದರೆ ಇನ್ನೊಂದು ಟವೆಲ್ ಸುತ್ತಿ. ತೊಟ್ಟ ಹತ್ತಿ ಬಟ್ಟೆಯ ಮೇಲೆಯೇ ಇಡಿ.

ಒಂದು ಜಾಗಕ್ಕೆ 15ರಿಂದ 20 ನಿಮಿಷ. ಮೊದಲ 5 ನಿಮಿಷಕ್ಕೆ ಬ್ಯಾಗ್ ಎತ್ತಿ ಚರ್ಮ ನೋಡಿ. ತಿಳಿಗೆಂಪು ಸಹಜ. ಕಡುಗೆಂಪು, ಬಿಳಿಚಿದ ಕಲೆ, ಸಣ್ಣ ಗುಳ್ಳೆ ಕಂಡರೆ ತೆಗೆದುಬಿಡಿ. ಮತ್ತೆ ಕೊಡುವ ಮೊದಲು ಚರ್ಮ ಮಾಮೂಲಿ ಬಣ್ಣಕ್ಕೆ, ಮಾಮೂಲಿ ತಂಪಿಗೆ ಮರಳಿರಬೇಕು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಏಕೆಂದರೆ ನೋವು ಇಳಿದ ಕೂಡಲೇ ನಿದ್ದೆ ಬರುತ್ತದೆ.

ಸೊಂಟಕ್ಕಾದರೆ ಬೋರಲು ಅಥವಾ ಮಗ್ಗುಲಾಗಿ ಮಲಗಿ, ಬ್ಯಾಗನ್ನು ಮೇಲೆ ಇಡಿಸಿಕೊಳ್ಳಿ. ಬ್ಯಾಗನ್ನು ಹಾಸಿಗೆಯಲ್ಲಿಟ್ಟು ಅದರ ಮೇಲೆ ಅಂಗಾತ ಮಲಗುವುದೇ ನಮ್ಮಲ್ಲಿ ರೂಢಿ, ಅದನ್ನು ಬಿಡಲೇಬೇಕು. ಕುರ್ಚಿಗೂ ಬೆನ್ನಿಗೂ ನಡುವೆ ಸಿಕ್ಕಿಸಿ ಒರಗುವುದೂ ಅದೇ ತಪ್ಪು.

ಚಳಿಗೆ ಹಾಸಿಗೆ ಬೆಚ್ಚಗಾಗಲು ಬ್ಯಾಗ್ ಬಳಸುವವರು ಮಲಗುವ ಅರ್ಧ ಗಂಟೆ ಮುಂಚೆ ಕಂಬಳಿಯೊಳಗೆ ಇಟ್ಟು, ಹಾಸಿಗೆಗೆ ಹೋಗುವಾಗ ಹೊರಗೆ ತೆಗೆಯಿರಿ. ರಾತ್ರಿಗೆ ಕಾಲುಚೀಲ ಸಾಕು.

ಎಣ್ಣೆ ಮತ್ತು ಬಾಮಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ಮಂಡಿಗೆ ಎಣ್ಣೆ ತಿಕ್ಕಿ, ಆ ಮೇಲೆ ಬ್ಯಾಗ್ ಇಡುವುದು ಮನೆಮನೆಯ ಕ್ರಮ. ಆದರೆ ಎಣ್ಣೆ ರಬ್ಬರಿನ ವೈರಿ. ಕೊಬ್ಬರಿ ಎಣ್ಣೆಯಾಗಲಿ ಎಳ್ಳೆಣ್ಣೆಯಾಗಲಿ ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಹಾಗೆ ಬಳಸಿದ ಬ್ಯಾಗಿನ ಒಂದು ಬದಿ ಮುಟ್ಟಿದರೆ ಅಂಟುತ್ತದೆ. ಎಣ್ಣೆ ಹಚ್ಚಲೇಬೇಕೆಂದರೆ ಶಾಖ ಮೊದಲು, ಎಣ್ಣೆ ಆಮೇಲೆ. ಅಮೃತಾಂಜನ, ಮೂವ್ ಥರದ ನೋವಿನ ಬಾಮ್, ಕ್ರೀಮುಗಳ ಮೇಲಂತೂ ಶಾಖ ಕೊಡಲೇಬಾರದು. ಬಿಸಿಗೆ ಔಷಧ ಚರ್ಮದೊಳಗೆ ಹೆಚ್ಚು ಇಳಿಯುತ್ತದೆ, ಉರಿ ಯಾವುದರದೆಂದು ತಿಳಿಯದೆ ಚರ್ಮ ಸುಡುತ್ತದೆ. ಕ್ಯಾನ್ಸರ್ ನೋವಿಗೆ ವೈದ್ಯರು ಕೊಡುವ ಫೆಂಟನಿಲ್ ಪ್ಯಾಚ್ ಇದ್ದವರಿಗೆ ಇದು ಪ್ರಾಣಾಪಾಯದ ವಿಷಯ: ಬಿಸಿ ತಾಗಿದರೆ ಔಷಧ ಒಮ್ಮೆಲೇ ರಕ್ತಕ್ಕೆ ಸೇರಬಹುದು.

ತಿಂಗಳುಗಟ್ಟಲೆ ದಿನವೂ ಒಂದೇ ಜಾಗಕ್ಕೆ ಶಾಖ ಕೊಟ್ಟರೆ ಚರ್ಮದ ಮೇಲೆ ಬಲೆ ಹೆಣೆದಂತೆ ಕಂದು ಗೆರೆಗಳು ಮೂಡುತ್ತವೆ. ಅದು ಕಂಡರೆ ಬ್ಯಾಗ್ ನಿಲ್ಲಿಸಿ, ಚರ್ಮವೈದ್ಯರಿಗೆ ತೋರಿಸಿ, ನೋವಿನ ಮೂಲವನ್ನೂ ಹುಡುಕಿಸಿ.

ಯಾರಿಗೆ ಬೇಡ, ಯಾವ ನೋವಿಗೆ ಬೇಡ

ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರ ಪಾದಕ್ಕೆ ಬ್ಯಾಗ್ ಬೇಡವೇ ಬೇಡ. ಪಾದದ ನರಗಳು ಸೊರಗಿ ಬಿಸಿ, ನೋವು ಎರಡೂ ತಿಳಿಯದಂತಾಗಿರುತ್ತದೆ, ಆದರೆ 'ಕಾಲು ತಣ್ಣಗಿದೆ, ಜೋಮು ಹಿಡಿದಿದೆ, ಶಾಖ ಕೊಡಮ್ಮ' ಎಂದು ಕೇಳುವವರೂ ಅವರೇ. ಸೊಸೆಯೋ ಮಗಳೋ ಪ್ರೀತಿಯಿಂದ ಕೊಟ್ಟ ಆ ಶಾಖದಿಂದ ಎದ್ದ ಬೊಬ್ಬೆ ಮಾಯದೆ ಹುಣ್ಣಾಗಿ, ಬೆರಳು ತೆಗೆಯುವ ಹಂತಕ್ಕೂ ಹೋಗಬಹುದು. ಹತ್ತಿಯ ಕಾಲುಚೀಲ ಹಾಕಿ, ಜೋಮಿನ ವಿಷಯವನ್ನು ವೈದ್ಯರಿಗೆ ಹೇಳಿ. ಲಕ್ವ ಹೊಡೆದ ಭಾಗಕ್ಕೂ ಇದೇ ಮಾತು. ಮರೆವಿನ ಕಾಯಿಲೆಯವರಿಗೆ, ನಿದ್ದೆ ಮಾತ್ರೆ ನುಂಗಿದವರಿಗೆ, ಕುಡಿದವರಿಗೆ ಬ್ಯಾಗ್ ಕೊಟ್ಟು ಪಕ್ಕದಿಂದ ಎದ್ದು ಹೋಗಬೇಡಿ.

ಸಿಸೇರಿಯನ್ ಆದ ಬಾಣಂತಿಯ ಹೊಲಿಗೆಯ ಸುತ್ತಲಿನ ಚರ್ಮ ತಿಂಗಳುಗಟ್ಟಲೆ ಮರಗಟ್ಟಿದಂತೆ ಇರುತ್ತದೆ. ಹೊಟ್ಟೆಗೆ ಶಾಖ ಕೊಟ್ಟರೆ ಒಳ್ಳೆಯದು ಎಂದು ಹಿರಿಯರು ಹೇಳಿದರೂ ಹೊಲಿಗೆಯ ಮೇಲೆ ಬ್ಯಾಗ್ ಇಡಬೇಡಿ. ಸೊಂಟಕ್ಕೆ, ಬೆನ್ನಿಗೆ ಮೆಲ್ಲನೆಯ ಶಾಖ ಸಾಕು.

ಹಸುಗೂಸಿನ ಪಕ್ಕದಲ್ಲಿ ಬಿಸಿನೀರಿನ ಬ್ಯಾಗಾಗಲಿ ಬಾಟಲಿಯಾಗಲಿ ಇಡಬಾರದು. ಅದರ ಚರ್ಮ ತೆಳು, ಹೊರಳಿ ದೂರ ಸರಿಯಲು ಅದಕ್ಕೆ ಬರುವುದಿಲ್ಲ. ತೂಕ ಕಡಿಮೆಯ ಮಗುವನ್ನು ಬೆಚ್ಚಗಿಡಲು ಅಮ್ಮನ ಎದೆಯೇ ಸರಿ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಆರಂಭವಾದ ಕಾಂಗರೂ ಮದರ್ ಕೇರ್ ಪದ್ಧತಿ ಇದು: ಮಗುವನ್ನು ಅಮ್ಮನ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ಮೇಲೆ ಹೊದಿಸುವುದು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಮನೆಮನೆಗೆ ಒಯ್ಯುವ ಕೆಲಸ ನಡೆದಿದೆ. ಅಪ್ಪ, ಅಜ್ಜಿಯೂ ಹೀಗೆ ಎತ್ತಿಕೊಳ್ಳಬಹುದು. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಈಗಷ್ಟೇ ಉಳುಕಿ ಊದಿದ ಕಾಲಿಗೆ ಮೊದಲ ಎರಡು ದಿನ ಬಿಸಿ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಕೆಂಪಗೆ ಬಿಸಿಯಾಗಿ ಕೀವು ಕಟ್ಟುತ್ತಿರುವ ಜಾಗ, ಒಂದೇ ಮೀನಖಂಡ ಊದಿ ನೋಯುತ್ತಿರುವುದು, ತೆರೆದ ಗಾಯ, ಇವುಗಳಿಗೆ ಶಾಖವಲ್ಲ, ವೈದ್ಯರು ಬೇಕು. ಕಾರಣ ತಿಳಿಯದ ಹೊಟ್ಟೆನೋವಿಗೆ, ಅದರಲ್ಲೂ ಹೊಕ್ಕುಳ ಹತ್ತಿರ ಶುರುವಾಗಿ ಬಲಗಡೆ ಕೆಳಕ್ಕೆ ಇಳಿದು ಜ್ವರ, ವಾಂತಿ ಜೊತೆಗೂಡಿದ ನೋವಿಗೆ ಬ್ಯಾಗ್ ಇಟ್ಟು ಕಾಯಬೇಡಿ. ಅದು ಅಪೆಂಡಿಕ್ಸ್ ಆಗಿರಬಹುದು.

ಕರೆಂಟಿನ ಜೆಲ್ ಬ್ಯಾಗ್

ಚಾರ್ಜ್ ಮಾಡುವ ಬ್ಯಾಗನ್ನು ತೊಡೆಯ ಮೇಲೆ, ಹಾಸಿಗೆಯ ಮೇಲೆ ಇಟ್ಟು ಕಾಯಿಸಬಾರದು. ಗಟ್ಟಿ ನೆಲದ ಮೇಲೆ ಮಟ್ಟಸವಾಗಿಟ್ಟು, ಎದುರಿಗೇ ಇದ್ದು ಕಾಯಿಸಿ. ಪ್ಲಗ್ ತೆಗೆದ ಮೇಲೆಯೇ ಮೈಗೆ. ಉಬ್ಬಿದ್ದು, ಸೋರಿದ್ದು, ಸುಟ್ಟ ವಾಸನೆ ಬಂದದ್ದು ಮತ್ತೆ ಪ್ಲಗ್ ಕಾಣಬಾರದು.

ಬಳಸಿದ ಮೇಲೆ

ನೀರು ಆರಿದ ಮೇಲೆ ಚೆಲ್ಲಿ. ಮುಚ್ಚಳ ತೆಗೆದು ಬಾಯಿ ಕೆಳಗಾಗಿ ನೆರಳಿನಲ್ಲಿ ತೂಗುಹಾಕಿ. ಬಟ್ಟೆ ಒಣಹಾಕುವ ತಂತಿಯ ಬಿಸಿಲು ಬೇಡ. ಪೂರ್ತಿ ಒಣಗಿದ ಮೇಲೆ ಸ್ವಲ್ಪ ಗಾಳಿ ತುಂಬಿ ಮುಚ್ಚಳವನ್ನು ಸಡಿಲವಾಗಿ ಹಾಕಿ, ಒಳಗೋಡೆಗಳು ಅಂಟಿಕೊಳ್ಳುವುದಿಲ್ಲ. ಮಡಚಬೇಡಿ, ಮೇಲೆ ಭಾರ ಇಡಬೇಡಿ, ಒಲೆ, ಫ್ರಿಜ್ಜಿನ ಹಿಂಭಾಗ, ಗೀಸರಿನ ಹತ್ತಿರ ಇಡಬೇಡಿ. ಎಸೆಯುವ ದಿನ ಬಂದಾಗ ಕತ್ತರಿಯಿಂದ ಕತ್ತರಿಸಿ ಎಸೆಯಿರಿ, ಇನ್ನೊಬ್ಬರು ಎತ್ತಿಕೊಂಡು ಬಳಸದಿರಲಿ.

ಸುಟ್ಟರೆ

ಒದ್ದೆ ಬಟ್ಟೆಯನ್ನು ತಕ್ಷಣ ತೆಗೆಯಿರಿ, ಚರ್ಮಕ್ಕೆ ಅಂಟಿದ್ದರೆ ಮಾತ್ರ ಎಳೆಯಬೇಡಿ. ಬಳೆ, ಉಂಗುರ, ಕಾಲುಂಗುರ, ಗೆಜ್ಜೆ ಬಿಚ್ಚಿ. ಊತ ಬಂದ ಮೇಲೆ ಬಿಚ್ಚುವುದು ಕಷ್ಟ. ಸುಟ್ಟ ಜಾಗವನ್ನು ಹರಿಯುವ ನಲ್ಲಿ ನೀರಿನಡಿ 20 ನಿಮಿಷ ಹಿಡಿಯಿರಿ. ಎರಡು ನಿಮಿಷ ಹಿಡಿದು ಬಿಟ್ಟರೆ ಮೇಲೆ ತಣ್ಣಗಾಗಿರುತ್ತದೆ, ಒಳಗಿನ ಬಿಸಿ ಹಾಗೇ ಉಳಿದಿರುತ್ತದೆ. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಕೊಡದಿಂದ ಮಗ್ಗಿನಲ್ಲಿ ಸುರಿಯುತ್ತಿರಿ. ಮಗುವಾದರೆ ಸುಟ್ಟ ಭಾಗಕ್ಕೆ ಮಾತ್ರ ನೀರು, ಉಳಿದ ಮೈಗೆ ಬೆಚ್ಚನೆಯ ಹೊದಿಕೆ.

ಐಸ್, ಟೂತ್‌ಪೇಸ್ಟ್, ಅರಿಶಿನ, ತುಪ್ಪ, ಕಾಫಿಪುಡಿ, ಶಾಯಿ ಯಾವುದೂ ಬೇಡ. ವೈದ್ಯರು ಅದನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ, ಆ ನೋವನ್ನು ಗಾಯಗೊಂಡವರೇ ಅನುಭವಿಸಬೇಕು. ಬೊಬ್ಬೆ ಒಡೆಯಬೇಡಿ. ಒಗೆದು ಒಣಗಿಸಿದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ.

ಗಾಯ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಜನನಾಂಗದ ಮೇಲಿದ್ದರೆ, ಸುಟ್ಟವರು ಮಗು, ವೃದ್ಧರು, ಗರ್ಭಿಣಿ ಅಥವಾ ಸಕ್ಕರೆ ಕಾಯಿಲೆಯವರಾದರೆ ಆಸ್ಪತ್ರೆಗೆ ಹೋಗಲೇಬೇಕು. 108ಕ್ಕೆ ಕರೆ ಮಾಡಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯಗಳ ಕೇಂದ್ರವಿದೆ. ಬೇರೆ ಊರಿನವರು ಹತ್ತಿರದ ಜಿಲ್ಲಾಸ್ಪತ್ರೆಗೆ ಹೋಗಿ, ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದೂ ಕೇಳಿ. ರಾತ್ರಿಯೆಲ್ಲ ಬ್ಯಾಗ್ ತಾಗಿದ್ದ ಜಾಗ ಬೆಳಿಗ್ಗೆ ಬಿಳಿಚಿ ತೊಗಲಿನಂತೆ ಗಟ್ಟಿಯಾಗಿ, ಮುಟ್ಟಿದರೂ ನೋಯದಿದ್ದರೆ ಸಣ್ಣದೆಂದು ಬಿಡಬೇಡಿ. ಸುಡುವಿಕೆ ನರಗಳನ್ನು ದಾಟಿ ಆಳಕ್ಕೆ ಹೋದಾಗ ನೋವು ಇರುವುದಿಲ್ಲ, ಅಂಥ ಗಾಯವನ್ನು ಅದೇ ದಿನ ವೈದ್ಯರಿಗೆ ತೋರಿಸಬೇಕು.